ಖಾತೆ ಬದಲಾಯಿತು, ತಾಲೀಮು ನಡೆಯಿತೇ?

ಹುಣಸೂರು: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆ ಸೀಮೆಯ ರೈತನ ಪಾಸ್‌ಪುಸ್ತಕದ ಮುಖಪುಟ ಕೆಲವೇ ವರ್ಷಗಳಲ್ಲಿ ಹಲವು ಬಾರಿ ಬದಲಾಗಿದೆ. ಕಾವೇರಿ ಕಲ್ಪತರು ಗ್ರಾಮೀಣ ಬ್ಯಾಂಕ್ 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದು 2019ರ ಏಪ್ರಿಲ್‌ನಲ್ಲಿ ಪ್ರಗತಿ ಕೃಷ್ಣಾ ಬ್ಯಾಂಕಿನೊಡನೆ ಬೆರೆತು ಬಳ್ಳಾರಿಯನ್ನು ಕೇಂದ್ರವಾಗಿಸಿಕೊಂಡಿತು. 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್. ಈ ನಡುವೆ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಹಾಗೂ ಕಾರ್ಪೊರೇಷನ್ ಬ್ಯಾಂಕುಗಳೂ ಅದೇ ಹಾದಿ ಹಿಡಿದವು.

ಈ ವಿಲೀನಗಳ ಕುರಿತು ನಡೆದ ಚರ್ಚೆಯೆಲ್ಲ ಶಾಖೆ ಮುಚ್ಚುವುದು, ಸಿಬ್ಬಂದಿ ವರ್ಗಾವಣೆ ಮತ್ತು ಮೈಸೂರಿನ ಹೆಸರು ಅಳಿದುಹೋದ ನೋವಿನ ಸುತ್ತಲೇ ಇತ್ತು. 1913ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮಾರ್ಗದರ್ಶನದಲ್ಲಿ ಹುಟ್ಟಿದ ಬ್ಯಾಂಕಿನ ವಿಷಯದಲ್ಲಿ ಆ ನೋವು ಸಹಜವೇ. ಆದರೆ ವಿಲೀನವೆಂದರೆ ಫಲಕ ಬದಲಿಸುವುದಷ್ಟೇ ಅಲ್ಲ. ಲಕ್ಷಾಂತರ ಖಾತೆಗಳ ದತ್ತಾಂಶ ಒಂದು ಗಣಕ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸ್ಥಳಾಂತರಗೊಳ್ಳಬೇಕು. ಕಾಗದದ ಮೇಲಿನ ವಿಲೀನಕ್ಕೆ ಒಂದು ದಿನ ಸಾಕು. ಗಣಕದೊಳಗಿನ ವಿಲೀನಕ್ಕೆ ತಿಂಗಳುಗಳು ಬೇಕು. ಆ ಸ್ಥಳಾಂತರಕ್ಕೆ ಮುನ್ನ ಎಷ್ಟು ತಾಲೀಮು ನಡೆಯುತ್ತದೆ, ಯಾರ ದತ್ತಾಂಶದ ಮೇಲೆ ನಡೆಯುತ್ತದೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಸಹಕಾರ ಸಂಘದ ಹಳೆಯ ಕಾರ್ಯದರ್ಶಿಗಳಿಗೆ ಈ ವಿಚಾರವನ್ನು ಹೇಳಿಕೊಡಬೇಕಾಗಿಲ್ಲ. ಅವರು ಮೊದಲು ಕಚ್ಚಾ ಪುಸ್ತಕದಲ್ಲಿ ಬರೆದು, ತಾಳೆ ನೋಡಿ, ನಂತರವೇ ಪಕ್ಕಾ ಖಾತೆಗೆ ಏರಿಸುತ್ತಿದ್ದರು. ತಂತ್ರಾಂಶ ಲೋಕದ 'ಪರೀಕ್ಷಾ ಪರಿಸರ' ಎಂದರೆ ಆ ಕಚ್ಚಾ ಪುಸ್ತಕವೇ. ನಿಜವಾದ ಖಾತೆಗಳನ್ನು ಮುಟ್ಟದೆ, ಅವುಗಳ ಪ್ರತಿಯೊಂದರ ಮೇಲೆ ಹೊಸ ತಂತ್ರಾಂಶವನ್ನು ಓಡಿಸಿ ನೋಡುವ ಜಾಗ ಅದು.

ತೊಡಕಿರುವುದು ಪ್ರತಿ ಮಾಡುವುದರಲ್ಲಿ. ಜಗತ್ತಿನ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳ ಲೆಕ್ಕ ಇಂದಿಗೂ 'ಮೇನ್‌ಫ್ರೇಮ್' ಎಂಬ ಬೃಹತ್ ಗಣಕಗಳಲ್ಲಿ, 1960ರ ದಶಕದ ಕೋಬಾಲ್ ಭಾಷೆಯಲ್ಲಿ ನಡೆಯುತ್ತಿದೆ. ಬೆಂಗಳೂರು, ಮೈಸೂರಿನ ಕಂಪನಿಗಳಲ್ಲಿ ಕುಳಿತ ಎಂಜಿನಿಯರುಗಳು ದೂರದೇಶದ ಇಂಥ ಯಂತ್ರಗಳನ್ನು ಸಲಹುತ್ತಿದ್ದಾರೆ. ಈ ಯಂತ್ರಗಳ ಬಾಡಿಗೆ, ಪರವಾನಗಿ ಶುಲ್ಕಗಳು ಬಹುತೇಕ ಬಳಕೆಯ ಪ್ರಮಾಣವನ್ನು ಅವಲಂಬಿಸಿರುವುದರಿಂದ ಪ್ರತಿ ಪರೀಕ್ಷೆಗೂ ಹಣ ಸುರಿಯಬೇಕು. ಇಡೀ ದತ್ತಸಂಚಯದ ಪ್ರತಿ ತೆಗೆಯಲು ದಿನಗಳೇ ಬೇಕಾಗಬಹುದು. ಹೀಗಾಗಿ ಹತ್ತು ತಂಡಗಳು ಒಂದೇ ಪ್ರತಿಗಾಗಿ ಸರದಿ ಕಾಯುವುದು, ಕೊನೆಗೆ ಅವಧಿ ಮೀರಿತೆಂದು ಅರೆಬರೆ ಪರೀಕ್ಷೆಗೇ ಒಪ್ಪಿಗೆ ಮುದ್ರೆ ಒತ್ತುವುದು ಆ ಕ್ಷೇತ್ರದ ಬಹುಕಾಲದ ರೋಗ.

ಇದಕ್ಕೆ ಬಂದಿರುವ ಪರಿಹಾರವೇ ವರ್ಚುವಲೀಕರಣ. ಒಂದು ಮೂಲ ಪ್ರತಿಯನ್ನು ಮಾತ್ರ ಪೂರ್ತಿಯಾಗಿ ಇಟ್ಟು, ಪ್ರತಿ ತಂಡಕ್ಕೂ ಅದರ ನೆರಳು ಪ್ರತಿಯನ್ನು ನೀಡಲಾಗುತ್ತದೆ. ತಂಡ ಬದಲಿಸಿದ ಭಾಗವಷ್ಟೇ ಪ್ರತ್ಯೇಕವಾಗಿ ಉಳಿಯುತ್ತದೆ; ಉಳಿದದ್ದೆಲ್ಲ ಮೂಲದ್ದೇ. ದಿನಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಕೆಟ್ಟರೆ ಅಳಿಸಿ ಇನ್ನೊಂದು ಪಡೆಯಬಹುದು. ಮೇನ್‌ಫ್ರೇಮನ್ನೇ ಮುಟ್ಟದೆ, ಅದು ಕೊಡುವ ಉತ್ತರಗಳನ್ನು ಅನುಕರಿಸುವ ಬದಲಿ ತಂತ್ರಾಂಶವನ್ನು ಇಟ್ಟು ಪರೀಕ್ಷಿಸುವ ಕ್ರಮವೂ ಇದೆ. ವಿಚಿತ್ರವೆಂದರೆ ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುವ ಈ ಕಲೆ ಹುಟ್ಟಿದ್ದು ಮೇನ್‌ಫ್ರೇಮಿನಲ್ಲಿಯೇ. ಐಬಿಎಂ ಕಂಪನಿ 1972ರಲ್ಲೇ ಅದನ್ನು ಗ್ರಾಹಕರಿಗೆ ನೀಡಿತ್ತು. ನಮ್ಮ ಬ್ಯಾಂಕುಗಳ ಕೋರ್ ಬ್ಯಾಂಕಿಂಗ್ ಎಲ್ಲವೂ ಮೇನ್‌ಫ್ರೇಮಿನ ಮೇಲಿಲ್ಲ. ಆದರೆ ರೋಗವೂ ಔಷಧವೂ ಎರಡೂ ಕಡೆ ಒಂದೇ.

ತಾಲೀಮು ತಪ್ಪಿದರೆ ಏನಾದೀತು ಎಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ನಿದರ್ಶನ. 2018ರ ಏಪ್ರಿಲ್‌ನಲ್ಲಿ ಅದು ಲಾಯ್ಡ್ಸ್ ಬ್ಯಾಂಕಿನ ಹಳೆಯ ವ್ಯವಸ್ಥೆಯಿಂದ ತನ್ನ ಒಡೆಯ ಸಬಡೆಲ್ ಬ್ಯಾಂಕಿನ ಹೊಸ ವ್ಯವಸ್ಥೆಗೆ ಒಂದೇ ವಾರಾಂತ್ಯದಲ್ಲಿ ಜಿಗಿಯಿತು. ಸುಮಾರು 19 ಲಕ್ಷ ಗ್ರಾಹಕರು ತಮ್ಮ ಖಾತೆಗಳಿಂದಲೇ ಹೊರಗುಳಿದರು. ಎರಡು ದತ್ತಾಂಶ ಕೇಂದ್ರಗಳಿದ್ದರೂ ಸಾಮರ್ಥ್ಯದ ಪರೀಕ್ಷೆ ನಡೆದದ್ದು ಒಂದರ ಮೇಲೆ ಮಾತ್ರ ಎಂಬುದು ತನಿಖೆಯಿಂದ ಬಯಲಾಯಿತು. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು 4.86 ಕೋಟಿ ಪೌಂಡಿಗೂ ಹೆಚ್ಚು ದಂಡ ವಿಧಿಸಿದರು.

ಆದರೆ ಈ ಸೀಮೆಯ ಸಮಸ್ಯೆ ಯಂತ್ರದ ಸಾಮರ್ಥ್ಯದ್ದಲ್ಲ, ಹೆಸರಿನದು. ಇಲ್ಲಿನ ಪಹಣಿಯಲ್ಲಿ ಹೆಸರು 'ಬಿನ್', 'ಕೋಂ' ಎಂಬ ಸಂಬಂಧಸೂಚಕದೊಡನೆ ಕನ್ನಡದಲ್ಲಿದೆ. ಬ್ಯಾಂಕಿನಲ್ಲಿ ಅದೇ ಹೆಸರು ಇಂಗ್ಲಿಷಿನಲ್ಲಿ, ಗುಮಾಸ್ತರು ಆ ದಿನ ಬರೆದ ಕಾಗುಣಿತದಲ್ಲಿದೆ. ಆಧಾರ್‌ನಲ್ಲಿ ಮೂರನೆಯ ರೂಪ. 'ಸಣ್ಣೇಗೌಡ' ಒಂದು ಕಡೆ ಒಂದು ಪದ, ಇನ್ನೊಂದು ಕಡೆ ಎರಡು. ಕೊನೆಯ ಹೆಸರು ಕಡ್ಡಾಯವೆನ್ನುವ ತಂತ್ರಾಂಶಕ್ಕೆ ಎಚ್.ಡಿ. ಕೋಟೆಯ ಹಾಡಿಯ ಜೇನುಕುರುಬ ಹಿರಿಯರ ಒಂಟಿ ಹೆಸರು ಒಗ್ಗುವುದಿಲ್ಲ. ಹುಟ್ಟಿದ ದಿನ ತಿಳಿಯದ ವೃದ್ಧರೆಲ್ಲರ ಜನ್ಮದಿನ ಜನವರಿ 1. ಅರಣ್ಯ ಹಕ್ಕು ಕಾಯ್ದೆಯಡಿ ಸಿಗುವ ಹಕ್ಕುಪತ್ರದಲ್ಲಿ ಪತಿ-ಪತ್ನಿ ಇಬ್ಬರ ಹೆಸರೂ ಇರುತ್ತದೆ. ಮೇಲಾಗಿ ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಬೇರ್ಪಟ್ಟು ಹೊಸ ತಾಲ್ಲೂಕುಗಳಾಗಿವೆ. ನಿಂತ ನೆಲ ಕದಲದಿದ್ದರೂ ಹಳ್ಳಿಯ ವಿಳಾಸ ಬದಲಾಗಿದೆ.

ನಗರದ ಪರೀಕ್ಷಾ ತಂಡ ತಾನೇ ಕಲ್ಪಿಸಿ ತುಂಬುವ ಮಾದರಿ ದತ್ತಾಂಶದಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ. ಅಲ್ಲಿ ಎಲ್ಲರಿಗೂ ಮೊದಲ ಹೆಸರು, ಕೊನೆಯ ಹೆಸರು, ಸರಿಯಾದ ಜನ್ಮದಿನಾಂಕ ಇರುತ್ತದೆ. ಪರೀಕ್ಷೆ ಪಾಸಾಗುತ್ತದೆ, ಶಾಖೆಯಲ್ಲಿ ಸಾಲು ನಿಲ್ಲುತ್ತದೆ.

2018ರ ಬೆಳೆಸಾಲ ಮನ್ನಾ ಇದನ್ನು ಸಾಕಷ್ಟು ತೋರಿಸಿಕೊಟ್ಟಿತು. ವಾಣಿಜ್ಯ ಬ್ಯಾಂಕಿನ ಸಾಲ 2 ಲಕ್ಷ, ಸಹಕಾರಿ ಸಾಲ 1 ಲಕ್ಷ ರೂಪಾಯಿವರೆಗೆ ಮನ್ನಾ ಎಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಘೋಷಿಸಿ, ಆಧಾರ್, ಪಡಿತರ ಚೀಟಿ ಹಾಗೂ ಪಹಣಿಗಳನ್ನು ತಾಳೆ ನೋಡುವ ತಂತ್ರಾಂಶ ರೂಪಿಸಿತು. ಉದ್ದೇಶ ಒಳ್ಳೆಯದೇ, ಬೇನಾಮಿ ಸಾಲಗಳನ್ನು ತಡೆಯುವ ಬಗೆ ಬೇರೆ ಇರಲಿಲ್ಲ. ಆದರೆ ಮೂರೂ ದಾಖಲೆ ಹೊಂದಿಕೆಯಾಗದ ರೈತರು ದಾಖಲೆ ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು.

ಹೊಗೆಸೊಪ್ಪಿನ ಸೀಮೆಗೆ ಈ ಅಲೆದಾಟದ ಬೆಲೆ ಇನ್ನೂ ಹೆಚ್ಚು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಮಾರುಕಟ್ಟೆಗಳಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಾರಾಟ ಆರಂಭವಾಗುತ್ತದೆ. ಬೇಲು ಮಾರಿದ ಹಣ ಕೈಗೆ ಬಾರದು, ಖಾತೆಗೆ ಬೀಳುತ್ತದೆ. ಶಾಖೆಯ ಐಎಫ್‌ಎಸ್ ಸಂಕೇತ ಬದಲಾಗಿ ಹಣ ಹಿಂತಿರುಗಿದರೆ ಸೌದೆಯವನಿಗೂ ಕೂಲಿಯಾಳಿಗೂ ಉತ್ತರ ಹೇಳಬೇಕಾದವನು ಬೆಳೆಗಾರನೇ ಹೊರತು ಬ್ಯಾಂಕಲ್ಲ.

ಹಾಗಾದರೆ ರೈತರ ನಿಜವಾದ ದತ್ತಾಂಶವನ್ನೇ ಪರೀಕ್ಷೆಗೆ ಕೊಟ್ಟುಬಿಡಬಹುದೇ? ಅಪಾಯ ಅಡಗಿರುವುದು ಇಲ್ಲಿಯೇ. ನಿಮಿಷಗಳಲ್ಲಿ ಹುಟ್ಟುವ ಪ್ರತಿ ಹತ್ತಾರು ತಂಡಗಳ ಕೈ ಸೇರುತ್ತದೆ. ಮೂಲ ಖಾತೆಗಿರುವ ಕಾವಲು ಪ್ರತಿಗೆ ಇರುವುದಿಲ್ಲ. ಸಾಲದ ಮೊತ್ತ, ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆ ಯಾರ ಪಾಲಾದೀತೆಂದು ಹೇಳಲಾಗದು. ಆದ್ದರಿಂದ ಗುರುತನ್ನು ಮರೆಮಾಚಿ, ಸ್ವರೂಪವನ್ನು ಉಳಿಸಿಕೊಳ್ಳುವುದೇ ಸರಿಯಾದ ವಿಧಾನ. ಸಣ್ಣೇಗೌಡ ಬೇರೊಬ್ಬ ಗೌಡನಾಗಲಿ, ಆದರೆ 'ಬಿನ್' ಉಳಿಯಲಿ. ಒಂಟಿ ಹೆಸರು ಒಂಟಿಯಾಗಿಯೇ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೂಕ್ತ ರಕ್ಷಣೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. 2025ರ ನವೆಂಬರ್‌ನಲ್ಲಿ ನಿಯಮಗಳೂ ಪ್ರಕಟವಾಗಿವೆ; ಹಂತಹಂತವಾಗಿ ಜಾರಿಗೆ ಬರಲಿವೆ.

ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿರ್ದೇಶನ ದತ್ತಾಂಶ ಸ್ಥಳಾಂತರಕ್ಕೆ ಲಿಖಿತ ನೀತಿ ಇರಬೇಕು, ಪ್ರತಿ ಹಂತದಲ್ಲೂ ಹೊಣೆಗಾರರ ಸಹಿ ಇರಬೇಕು ಎಂದು ವಿಧಿಸಿತು. ದೊಡ್ಡ ಬ್ಯಾಂಕುಗಳಿಗೆ ಚಾಟಿ ಬೀಸಿದ್ದೂ ಉಂಟು: 2020ರಲ್ಲಿ ಎಚ್‌ಡಿಎಫ್‌ಸಿ, 2024ರಲ್ಲಿ ಕೊಟಕ್ ಮಹೀಂದ್ರ ಬ್ಯಾಂಕುಗಳ ಮೇಲೆ ಹೇರಿದ್ದ ನಿರ್ಬಂಧಗಳು ನಂತರ ತೆರವಾದವು. ಆದರೆ ಹಳ್ಳಿಯವರು ಹೆಚ್ಚು ನಂಬಿರುವ ಗ್ರಾಮೀಣ ಹಾಗೂ ಸಹಕಾರಿ ಬ್ಯಾಂಕುಗಳು ಆ ನಿರ್ದೇಶನದ ವ್ಯಾಪ್ತಿಯಲ್ಲಿ ಇರಲಿಲ್ಲ. ಕಾವಲು ಹೆಚ್ಚು ಬೇಕಾದ ಕಡೆಯೇ ಬೇಲಿ ತೆಳುವಾಗಿದೆ.

ಮುಂದಿನ ಸರದಿ ಸೊಸೈಟಿಗಳದ್ದು. 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ನಂತರ ಅದರ ವ್ಯಾಪ್ತಿ ಹಿಗ್ಗಿತು. ನಬಾರ್ಡ್ ಉಸ್ತುವಾರಿಯ ಈ ಕಾರ್ಯದಲ್ಲಿ ಕೈಬರಹದ ಲೆಡ್ಜರ್‌ಗಳು ಗಣಕ ಸೇರುತ್ತಿವೆ. ಸದಸ್ಯನ ಬಾಕಿ ಎಷ್ಟೆಂದು ಮಹಾಸಭೆಯಲ್ಲಿ ಪುಸ್ತಕ ಬಿಚ್ಚಿ ತೋರಿಸುತ್ತಿದ್ದ ಕಾಲ ಮುಗಿದ ಮೇಲೆ, ತಪ್ಪು ಅಂಕಿಯನ್ನು ಪ್ರಶ್ನಿಸಲು ರೈತನಿಗೆ ಆಧಾರ ಯಾವುದು?

ಮಾಡಬಹುದಾದ ಕೆಲಸ ದುಬಾರಿಯದೇನಲ್ಲ. ಪ್ರತಿ ತಾಲ್ಲೂಕಿನ ಒಂದೆರಡು ಸಂಘಗಳ ಮರೆಮಾಚಿದ ಪ್ರತಿಯ ಮೇಲೆ ತಾಲೀಮು ನಡೆಸಿ, ಫಲಿತಾಂಶವನ್ನು ಆ ಸಂಘದ ಕಾರ್ಯದರ್ಶಿಯ ಕಣ್ಣಿಗೇ ಒಡ್ಡಬೇಕು. ಸ್ಥಳಾಂತರದ ದಿನವನ್ನು ಹರಾಜಿನ ತಿಂಗಳುಗಳಿಂದ ದೂರವಿಡಬೇಕು. ಹಳೆಯ ಲೆಡ್ಜರ್‌ಗಳನ್ನು ಎರಡು ಲೆಕ್ಕ ಪರಿಶೋಧನೆ ಮುಗಿಯುವವರೆಗಾದರೂ ರದ್ದಿಗೆ ಹಾಕಕೂಡದು.