ಕವಚ ತೊಟ್ಟವರ ಸಾಕ್ಷ್ಯ

ಯಾರ್ಕ್ ಪಕ್ಷವು ಲ್ಯಾಂಕಾಸ್ಟರ್ ಪಕ್ಷವನ್ನು ಸದೆಬಡಿದ 1471ರ ಟ್ಯೂಕ್ಸ್‌ಬರಿ ಕಾಳಗವನ್ನು ಇಂಗ್ಲೆಂಡಿನ ಆ ಊರಿನಲ್ಲಿ ಹವ್ಯಾಸಿಗಳು ಜುಲೈ ತಿಂಗಳ ಉತ್ಸವದಲ್ಲಿ ಮರುಅಭಿನಯಿಸುತ್ತಾರೆ. ವಾರವಿಡೀ ಕಚೇರಿ, ಅಂಗಡಿಗಳಲ್ಲಿ ದುಡಿಯುವವರು ಸ್ವಂತ ಖರ್ಚಿನಲ್ಲಿ ಕವಚ ಹೊಂದಿಸಿಕೊಂಡು, ಅಲಗು ಮೊಂಡಾಗಿಸಿದ ಕತ್ತಿ ಹಿಡಿದು ಬರುತ್ತಾರೆ. ಸೇವೆಯಲ್ಲಿದ್ದಾಗ ಇಂಥದ್ದಕ್ಕೆ ನೆರವು ಕೋರಿದ ಕಡತ ನನ್ನ ಮೇಜಿಗೆ ಬಂದಿದ್ದರೆ ‘ಅನುತ್ಪಾದಕ ವೆಚ್ಚ’ ಎಂದು ಷರಾ ಬರೆದು ಹಿಂದಿರುಗಿಸುತ್ತಿದ್ದೆ. ಅದು ತಪ್ಪಾಗುತ್ತಿತ್ತೆಂದು ಈಗ ಅನ್ನಿಸುತ್ತದೆ.

ಪೂರ್ಣ ಕವಚ ತೊಟ್ಟ ಯೋಧನನ್ನು ರಾಟೆಯಿಂದ ಎತ್ತಿ ಕುದುರೆಯ ಮೇಲೆ ಕೂರಿಸಬೇಕಿತ್ತೆಂಬ ನಂಬಿಕೆ ಬಹುಕಾಲ ಉಳಿಯಿತು. ಲಾರೆನ್ಸ್ ಒಲಿವಿಯರ್ 1944ರ ‘ಹೆನ್ರಿ ದಿ ಫಿಫ್ತ್’ ಚಿತ್ರದಲ್ಲಿ ಅದನ್ನೇ ತೋರಿಸಿದರು; ನೋಡಿದ ನಾನೂ ನಂಬಿದ್ದೆ. ವಾಸ್ತವದಲ್ಲಿ ಯುದ್ಧಕವಚದ ತೂಕ ಸುಮಾರು 20ರಿಂದ 25 ಕಿಲೋ. ಅದೂ ಮೈಯೆಲ್ಲಕ್ಕೂ ಹಂಚಿಹೋದದ್ದು. ಇಂದಿನ ಹವ್ಯಾಸಿ ಅದನ್ನು ತೊಟ್ಟು ಓಡುತ್ತಾನೆ, ಬಿದ್ದರೆ ಏಳುತ್ತಾನೆ, ರಿಕಾಪಿಗೆ ಕಾಲಿಟ್ಟು ತಾನೇ ಕುದುರೆ ಏರುತ್ತಾನೆ. ಅವನನ್ನು ದಣಿಸುವುದು ಭಾರವೊಂದೇ ಅಲ್ಲ. ಒಳಗಿನ ಸೆಕೆ, ಶಿರಸ್ತ್ರಾಣದೊಳಗೆ ಸಾಲದ ಉಸಿರು. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಇದನ್ನು ಹೇಳಲಾರದು.

ಇಂಥ ಹವ್ಯಾಸಕ್ಕೆ ಯಾವ ಸರ್ಕಾರವೂ ಹಣ ಕೊಡಲೇಬೇಕೆಂದಲ್ಲ. ಮೈದಾನ ಬಿಟ್ಟುಕೊಡಲಿ, ಆಯುಧಗಳ ಸುರಕ್ಷತೆ ಪರಿಶೀಲಿಸಲಿ, ಇತಿಹಾಸ ಬಲ್ಲವರನ್ನು ಜೊತೆಗಿರಿಸಲಿ. ಕುದುರೆಯ ಮೇವಿನ ಬಿಲ್ಲನ್ನು ಸವಾರನೇ ಕಟ್ಟಿಕೊಳ್ಳುತ್ತಾನೆ.