ಅಗ್ಗದ ಹಬ್ ತಂದ ಪಾಠ

ದೇಲಂಪಾಡಿ, ಅಡೂರು ಕಡೆಯ ಗುಡ್ಡದ ತೋಟಗಳಿಂದ ಅಡಿಕೆ ತರಲು ನಾವು ಹಳೆಯ ಜೀಪನ್ನೇ ನಂಬಿದವರು. ಕಳೆದ ಆಟಿ ತಿಂಗಳಲ್ಲಿ ಮೂಟೆ ಹೇರಿ ಏರು ಹತ್ತುವಾಗ, ಫೋರ್‌ವೀಲ್ ಹಾಕಿದರೂ ಜೀಪು ಹಿಂದಕ್ಕೆ ಜಾರಿತು. ಚಕ್ರಕ್ಕೆ ಕಲ್ಲು ಇಡಲು ಹಿಂದೆ ಬರುತ್ತಿದ್ದ ನಮ್ಮ ಕೆಲಸದ ಹುಡುಗ ಪಕ್ಕಕ್ಕೆ ಹಾರಿ ಬದುಕಿಕೊಂಡ.

ಬಿಚ್ಚಿ ನೋಡಿದರೆ, ಅಗ್ಗಕ್ಕೆ ಸಿಕ್ಕಿತೆಂದು ನಾವು ಹಾಕಿಸಿದ್ದ ಫ್ರೀ ವೀಲಿಂಗ್ ಹಬ್‌ನ ಒಳಹಲ್ಲು ಸವೆದಿತ್ತು. ಮುಂದಿನ ಚಕ್ರವನ್ನು ಆ್ಯಕ್ಸಿಲ್‌ಗೆ ಕೂಡಿಸುವುದು, ಬಿಡಿಸುವುದು ಇದರ ಕೆಲಸ. ಒಂದು ಬದಿ ಹಿಡಿಯದಿದ್ದರೆ ಡಿಫರೆನ್ಷಿಯಲ್ ಆ ಬದಿಯನ್ನೇ ಸುಮ್ಮನೆ ತಿರುಗಿಸುತ್ತದೆ. ಇನ್ನೊಂದು ಚಕ್ರವೂ ಎಳೆಯುವುದಿಲ್ಲ.

ಹೊಸದು ಕೊಳ್ಳುವವರು ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಹಲ್ಲು, ಬೋಲ್ಟಿನ ತೂತು ಎಣಿಸಿ ಹೊಂದಿಸಿರಿ. ಹಳೆಯ ವಿಲ್ಲಿಸ್ ನಮೂನೆಯ ಜೀಪುಗಳಿಗೆ 10 ಹಲ್ಲು, ಅನಂತರದ ಕೆಲವಕ್ಕೆ 27. ಹಾಕಿಸಿದ ಮೇಲೆ ಚಕ್ರವನ್ನು ಜಾಕ್‌ನಿಂದ ಎತ್ತಿ ತಿರುಗಿಸಿ ನೋಡಿರಿ: ಲಾಕ್‌ನಲ್ಲಿ ಆ್ಯಕ್ಸಿಲ್ ಜೊತೆಗೆ ತಿರುಗಬೇಕು, ಫ್ರೀಯಲ್ಲಿ ತಿರುಗಬಾರದು. ಒಳ್ಳೆಯದು ಸಿಗದಿದ್ದರೆ ಎರಡೂ ಬದಿಗೆ ಸಾದಾ ಡ್ರೈವ್ ಫ್ಲೇಂಜ್ ಹಾಕಿಸಿರಿ. ಡೀಸೆಲು ತುಸು ಹೆಚ್ಚು ಕುಡಿದೀತು, ಏರಿನಲ್ಲಿ ಕೈಕೊಡದು.

ಗಿರಾಕಿಗೆ ಕಳಪೆ ಮಾಲು ಕೊಡಬಾರದೆಂದು 40 ವರ್ಷ ಹೇಳುತ್ತ ಬಂದ ನಾವು, ನಮಗೇ ಅದನ್ನು ಕೊಂಡುಕೊಂಡೆವು. ಆ ಹುಡುಗನ ಮುಖ ನೋಡುವಾಗ ಇಂದಿಗೂ ತಲೆ ತಗ್ಗುತ್ತದೆ.