ಕಾರಖಾನೆಯ ಲೆಕ್ಕಕ್ಕೆ ಸಾಕ್ಷಿ ಬೇಡವೇ?

‘ಉತ್ಪಾದನಾಶಕ್ತಿ’ ಎಂಬ ಶಬ್ದಕ್ಕೆ ನಮ್ಮವರು ಬೇಗನೆ ಮರುಳಾಗುತ್ತಾರೆ. ಮಂಗಳೂರಿನ ಪಣಂಬೂರಿನಲ್ಲಿರುವ ಕುದುರೆಮುಖ ಕಂಪನಿಯ ಪೆಲೆಟ್ ಕಾರಖಾನೆಯನ್ನೇ ನೋಡಿರಿ. ವರ್ಷಕ್ಕೆ 35 ಲಕ್ಷ ಟನ್ನು ಅದಿರಿನುಂಡೆ ಕಟ್ಟುವ ಶಕ್ತಿ ಅದಕ್ಕುಂಟೆಂದು ಕಾಗದವು ಸಾರುತ್ತದೆ. ಆದರೆ ಅದಕ್ಕೆ ಉಣಿಸುತ್ತಿದ್ದ ಘಟ್ಟದ ಗಣಿಯು ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ನಿಂತುಹೋಯಿತು. ಹಿಂದೆ 67 ಕಿಲೋಮೀಟರು ಕೊಳವೆಯಲ್ಲಿ ನೀರಿನೊಡನೆ ಹರಿದು ಬರುತ್ತಿದ್ದ ಅದಿರಿನ ಪುಡಿಗೆ ಬದಲಾಗಿ, ಆಮೇಲೆ ಬೈಲಾಡಿಲದ ಅದಿರು ವಿಶಾಖಪಟ್ಟಣದಿಂದ ಹಡಗನ್ನೇರಿ ಬರಬೇಕಾಯಿತು. ಯಂತ್ರವು ಅದೇ, ಅದರ ಹಸಿವನ್ನು ತಣಿಸುವ ದಾರಿ ಮಾತ್ರ ಬೇರೆ.

ಆದುದರಿಂದ ಹೊಟ್ಟೆಯ ಅಳತೆಯನ್ನಲ್ಲ, ಉಂಡದ್ದೆಷ್ಟೆಂಬುದನ್ನು ಕೇಳಬೇಕು. ಅದೂ ತಿಂಗಳು ತಿಂಗಳಿಗೆ. ವರ್ಷದ ಸರಾಸರಿಯೆಂಬುದು ಜಾಣ ಕಕ್ಷಿಗಾರನ ಹೇಳಿಕೆಯಂತೆ. ಮೂರು ತಿಂಗಳು ತಣ್ಣಗಿದ್ದ ಕುಲುಮೆಯನ್ನು ಒಂಬತ್ತು ತಿಂಗಳ ಬೆಂಕಿಯ ಹಿಂದೆ ಅದು ಅಡಗಿಸಬಲ್ಲದು. ಪಾಟೀಸವಾಲಿಲ್ಲದೆ ಅಂಥ ಹೇಳಿಕೆಯನ್ನು ಯಾವ ಮುನಸೀಫನೂ ಒಪ್ಪಲಾರನು.

ಇದು ವ್ಯಾಪಾರದ ಗುಟ್ಟೆಂದು ಕೆಲವರು ಗದರುತ್ತಾರೆ. ಯಾರಿಂದ ಮುಚ್ಚಿಟ್ಟ ಗುಟ್ಟು? ತಾಮ್ರ ಕರಗಿಸುವ ಕುಲುಮೆಗಳ ಶಾಖವನ್ನು ಉಪಗ್ರಹದಿಂದ ನೋಡಿ, ಯಾವುದು ಉರಿಯುತ್ತಿದೆ, ಯಾವುದು ಆರಿದೆ ಎಂದು ಲೋಹದ ದಲಾಲರು 2019ರಿಂದಲೂ ಎಣಿಸುತ್ತಿದ್ದಾರೆ. ಲಂಡನ್ನಿನ ದಲಾಲನು ತಿಳಿಯಬಹುದಾದುದನ್ನು ಪಣಂಬೂರಿನ ಕೂಲಿಕಾರನು ಮಾತ್ರ ತಿಳಿಯಬಾರದೋ? ಕಂಪನಿಯಾದರೋ ಕೇಂದ್ರ ಸರಕಾರದ್ದು, ಎಂದರೆ ಪ್ರಜೆಗಳದ್ದೇ.

ಉಪಗ್ರಹವೊಂದನ್ನೇ ನಂಬಿರೆಂದು ನಾನು ಹೇಳುವುದಿಲ್ಲ. ಕರಾವಳಿಯ ಮಳೆಗಾಲದ ಮೋಡವು ಅದರ ಕಣ್ಣನ್ನು ಕಟ್ಟುತ್ತದೆ. ಬಂದರಿನಲ್ಲಿ ಇಳಿದ ಅದಿರಿನ ತೂಕ, ಹೊರಟ ಉಂಡೆಯ ತೂಕ, ಸುಟ್ಟ ವಿದ್ಯುತ್ತು, ನಿಂತ ದಿನಗಳು ಹಾಗೂ ನಿಂತುದಕ್ಕೆ ಕಾರಣ, ಇವನ್ನು ಪ್ರತಿ ತಿಂಗಳೂ ಕಾರಖಾನೆಯ ಬಾಗಿಲಿಗೆ ಕನ್ನಡದಲ್ಲಿ ಅಂಟಿಸಲಿ. ಗೋಂದಿನ ಖರ್ಚನ್ನು ಬೇಕಾದರೆ ನಾವೇ ಕೊಡುವೆವು.